ಜೆಟ್ ಮಾದರಿ ವಿಮಾನ ಹಾರಿಸುವ ಹವ್ಯಾಸ: ಹಾಸನದಲ್ಲಿದ್ದುಕೊಂಡು ಎಲ್ಲಿಂದ ಆರಂಭಿಸಬೇಕು?

ಸಾಲಗಾಮೆ ರಸ್ತೆ (ಹಾಸನ):

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಒಂದು ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರದ ಉಪನ್ಯಾಸಕ. 2025ರ ಫೆಬ್ರವರಿಯಲ್ಲಿ ಯಲಹಂಕದ ಏರೋ ಇಂಡಿಯಾ ಪ್ರದರ್ಶನಕ್ಕೆ ಹೋಗಿದ್ದೆ. ಜೆಟ್‌ಗಳು ತಲೆಯ ಮೇಲೆ ಹಾದುಹೋದಾಗ ಎದೆಗೂಡಿನೊಳಗೆ ಹುಟ್ಟಿದ ನಡುಕ ಇನ್ನೂ ಇಳಿದಿಲ್ಲ. ಅಂದಿನಿಂದ ರೇಡಿಯೊ ನಿಯಂತ್ರಿತ ಜೆಟ್ ವಿಮಾನವೊಂದನ್ನು ನಾನೇ ಹಾರಿಸಬೇಕೆಂಬ ಹುಚ್ಚು ಹತ್ತಿಕೊಂಡಿದೆ.

ನನ್ನ ಈವರೆಗಿನ ಅನುಭವವೆಂದರೆ ವಿದ್ಯಾರ್ಥಿಗಳ ಜೊತೆ ಸೇರಿ ಥರ್ಮಕೋಲಿನಲ್ಲಿ ಕತ್ತರಿಸಿ ಮಾಡಿದ ಗ್ಲೈಡರ್‌ಗಳು, ಅವೂ ಕೈಯಿಂದ ಎಸೆದು ಹಾರಿಸಿದಂಥವು. ರೇಡಿಯೊ ಹಿಡಿದು ಅಭ್ಯಾಸವಿಲ್ಲ. ತೇಜಸ್ ಆಕಾರದ, 70 ಮಿ.ಮೀ. ವಿದ್ಯುತ್ ಫ್ಯಾನ್ (ಜೆಟ್ ಎಂಜಿನ್ನಿನ ಬದಲು ವಿಮಾನದ ಹೊಟ್ಟೆಯೊಳಗೆ ತಿರುಗುವಂಥದ್ದು) ಕೂರಿಸಬಹುದಾದ ಫೋಮ್ ವಿಮಾನದ ನಕ್ಷೆಯೊಂದು ಸಿಕ್ಕಿದ್ದು, ಅದನ್ನೇ ಕಟ್ಟಿ ಅದರಲ್ಲೇ ಕಲಿಯಬಹುದೇ ಎಂಬುದು ನನ್ನ ಮೊದಲ ಪ್ರಶ್ನೆ. ಹಾಸನದ ಸುತ್ತಮುತ್ತ ಎಂಥ ಜಾಗದಲ್ಲಿ ಹಾರಿಸಬಹುದು ಎಂಬುದು ಎರಡನೆಯದು. ಸೀಮೆಎಣ್ಣೆಯಲ್ಲಿ ಓಡುವ ನಿಜವಾದ ಟರ್ಬೈನ್‌ಗಳ ಬಗ್ಗೆಯೂ ತಿಳಿದವರು ಹೇಳಿದರೆ ಉಪಕಾರವಾಗುತ್ತದೆ. ಮನೆಯಲ್ಲಿ ಒಪ್ಪಿಗೆ ಸಿಕ್ಕಿರುವುದು ಒಂದೇ ವಿಮಾನಕ್ಕೆ. ಆದ್ದರಿಂದ ಆಯ್ಕೆಯಲ್ಲಿ ಎಡವುವಂತಿಲ್ಲ.

ಕಡೂರು ಬಯಲು (ಕಡೂರು):

ಮೇಷ್ಟ್ರೇ, ಒಂದೇ ವಿಮಾನಕ್ಕೆ ಒಪ್ಪಿಗೆ ಸಿಕ್ಕಿದ್ದರೆ ಆ ಒಂದು ವಿಮಾನ ಜೆಟ್ ಆಗಬಾರದು. ನಾನು ಹನ್ನೊಂದು ವರ್ಷಗಳಿಂದ ಹಾರಿಸುತ್ತಿದ್ದೇನೆ, ಅದರಲ್ಲಿ ಕೊನೆಯ ಆರು ವರ್ಷ ಜೆಟ್‌ಗಳನ್ನು. ಜೆಟ್ ಕಷ್ಟವೆಂದರೆ ಎಲ್ಲರೂ ಅದರ ವೇಗ ಕಾರಣವೆಂದುಕೊಳ್ಳುತ್ತಾರೆ, ಆದರೆ ಕೈಕೊಡುವುದು ವೇಗ ಕಡಿಮೆಯಾದಾಗ. ಮೂಗಿನಲ್ಲಿ ಪ್ರೊಪೆಲರ್ ಇರುವ ವಿಮಾನದಲ್ಲಿ ಥ್ರಾಟಲ್ (ಮೋಟಾರಿನ ಬಲ ಏರಿಳಿಸುವ ಕಡ್ಡಿ) ಕೊಟ್ಟ ಕ್ಷಣವೇ ಪ್ರೊಪೆಲರ್ ತಳ್ಳಿದ ಗಾಳಿ ರೆಕ್ಕೆಯ ಬುಡದ ಮೇಲೂ ಬಾಲದ ಮೇಲೂ ಹರಿಯುತ್ತದೆ. ವಿಮಾನ ನಿಧಾನವಾಗಿದ್ದರೂ ಬಾಲದಲ್ಲಿದ್ದು ಮೂಗನ್ನು ಮೇಲೆ ಕೆಳಗೆ ಮಾಡುವ ಎಲಿವೇಟರ್ ಮತ್ತು ಎಡಬಲಕ್ಕೆ ತಿರುಗಿಸುವ ರಡ್ಡರ್ ಮಾತು ಕೇಳುತ್ತವೆ. ಜೆಟ್‌ನಲ್ಲಿ ಗಾಳಿಯೆಲ್ಲ ಹೊಟ್ಟೆಯೊಳಗಿನ ಕೊಳವೆಯಲ್ಲಿ ಸಾಗಿ ಹಿಂದಿನಿಂದ ಹೊರಬೀಳುವುದರಿಂದ ಬಾಲಕ್ಕೆ ಸಿಗುವುದು ವಿಮಾನದ ವೇಗದಿಂದ ಬಂದ ಗಾಳಿ ಮಾತ್ರ. ಇದರ ಜೊತೆಗೆ ಫ್ಯಾನ್ ತನ್ನ ಪೂರ್ಣ ಸುತ್ತಿಗೆ ಏರಲು ಒಂದು ಸೆಕೆಂಡಿನ ಆಸುಪಾಸು ತೆಗೆದುಕೊಳ್ಳುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಇಳಿಯುತ್ತಿರುವ ವಿಮಾನ ಆ ಒಂದು ಸೆಕೆಂಡಿನಲ್ಲಿ 17 ಮೀಟರ್ ಮುಂದೆ ಬಂದಿರುತ್ತದೆ, ಸಾಕಷ್ಟು ಕೆಳಗೂ ಬಂದಿರುತ್ತದೆ.

ನನ್ನ ಮೊದಲ ಜೆಟ್ ಹೋದದ್ದು ಹೀಗೆಯೇ. ಬೇಸಿಗೆಯಲ್ಲಿ ಒಣಗಿದ ಕೆರೆಯಂಗಳದಲ್ಲಿ ಇಳಿಸುವಾಗ, ಹಳೆಯ ಟ್ರೈನರ್‌ನ (ಕಲಿಯುವವರಿಗೆಂದೇ ಮಾಡಿದ ಪ್ರೊಪೆಲರ್ ವಿಮಾನ) ಅಭ್ಯಾಸಬಲದಿಂದ ಥ್ರಾಟಲನ್ನು ಪೂರ್ತಿ ಮುಚ್ಚಿದೆ. ವಿಮಾನ ದಡಕ್ಕಿಂತ ಇಪ್ಪತ್ತು ಹೆಜ್ಜೆ ಹಿಂದೆಯೇ ಬೀಳುತ್ತದೆಂದು ಕಂಡು ಎಲಿವೇಟರ್ ಎಳೆದೆ; ಮೂಗು ಎದ್ದಿತು, ವೇಗ ಸತ್ತಿತು, ಎಡರೆಕ್ಕೆ ಸದ್ದಿಲ್ಲದೆ ಕೆಳಗೆ ಜಾರಿತು. ಆಗ ಥ್ರಾಟಲ್ ಕೊಟ್ಟೆ, ಫ್ಯಾನ್ ಕೂಗಿತು, ಕೂಗುತ್ತಲೇ ನೆಲಕ್ಕೆ ಹೊಡೆಯಿತು. ಆ ವಿಮಾನದ ಮುರಿದ ಮೂಗು ಇವತ್ತಿಗೂ ನನ್ನ ಮೇಜಿನ ಮೇಲೆ ಪೆನ್ನು ಹಾಕುವ ಡಬ್ಬಿಯಾಗಿ ಇದೆ. ಜೆಟ್ಟನ್ನು ಇಳಿಸುವಾಗ ಥ್ರಾಟಲನ್ನು ಮೂರನೇ ಒಂದು ಭಾಗದಷ್ಟಾದರೂ ತೆರೆದಿಟ್ಟುಕೊಂಡು, ಎತ್ತರವನ್ನು ಥ್ರಾಟಲ್‌ನಿಂದಲೂ ವೇಗವನ್ನು ಮೂಗಿನ ಕೋನದಿಂದಲೂ ಹಿಡಿದು ತಂದು, ನೆಲದಿಂದ ಮೊಣಕಾಲೆತ್ತರಕ್ಕೆ ಬಂದ ಮೇಲಷ್ಟೇ ಪೂರ್ತಿ ಮುಚ್ಚಬೇಕು ಎಂಬುದನ್ನು ನಾನು ಓದಿ ತಿಳಿದಿದ್ದೆ; ಆದರೆ ಬೆರಳಿಗೆ ತಿಳಿದಿರಲಿಲ್ಲ.

ನೀವು ಭೌತಶಾಸ್ತ್ರದವರಾದ್ದರಿಂದ ಇನ್ನೊಂದು ಲೆಕ್ಕವನ್ನೂ ಕೊಡುತ್ತೇನೆ. ಹಾಸನ ಸಮುದ್ರಮಟ್ಟದಿಂದ ಸುಮಾರು 970 ಮೀಟರ್ ಎತ್ತರದಲ್ಲಿದೆ, ಚಿಕ್ಕಮಗಳೂರು ಸುಮಾರು 1,090 ಮೀಟರ್. ಏಪ್ರಿಲ್ ತಿಂಗಳ ಮಧ್ಯಾಹ್ನ 33 ಡಿಗ್ರಿ ಬಿಸಿಲಿರುವಾಗ ಹಾಸನದ ಗಾಳಿಯ ಸಾಂದ್ರತೆ ಘನ ಮೀಟರಿಗೆ ಸುಮಾರು 1.03 ಕಿ.ಗ್ರಾಂ. ಬರುತ್ತದೆ, ಪಠ್ಯಪುಸ್ತಕದಲ್ಲಿ ಸಮುದ್ರಮಟ್ಟಕ್ಕೆ ಕೊಡುವ 1.225ಕ್ಕಿಂತ ಇದು ಶೇ. 16ರಷ್ಟು ಕಡಿಮೆ. ಸ್ಟಾಲ್ ಆಗುವ, ಅಂದರೆ ರೆಕ್ಕೆಗೆ ವಿಮಾನವನ್ನು ಎತ್ತಿಹಿಡಿಯಲಾಗದೆ ಹೋಗುವ, ವೇಗ ಸಾಂದ್ರತೆಯ ವರ್ಗಮೂಲಕ್ಕೆ ವಿಲೋಮವಾಗಿರುವುದರಿಂದ ನಮ್ಮಲ್ಲಿ ಅದು ಶೇ. 9ರಷ್ಟು ಹೆಚ್ಚಾಗುತ್ತದೆ, ಫ್ಯಾನಿನ ತಳ್ಳುವ ಬಲ ಮಾತ್ರ ಕಡಿಮೆಯಾಗುತ್ತದೆ. ಅಂದರೆ ಬೇರೆಲ್ಲೋ ಕಡಲತೀರದಲ್ಲಿ ಚಿತ್ರಿಸಿದ ವಿಡಿಯೊದಲ್ಲಿ ಅರವತ್ತು ಹೆಜ್ಜೆಗೆ ಮೇಲೇಳುವ ವಿಮಾನ ನಮ್ಮ ಬಯಲಿನಲ್ಲಿ ಅಷ್ಟಕ್ಕೇ ಏಳುವುದಿಲ್ಲ. ಈ ಒಂದು ಕಾರಣಕ್ಕೇ ನಾನು ಮಾರ್ಚ್ ಕಳೆದ ಮೇಲೆ ಬೆಳಿಗ್ಗೆ ಒಂಬತ್ತರ ನಂತರ ಜೆಟ್ ಹಾರಿಸುವುದಿಲ್ಲ.

ಹಾಗಾದರೆ ಯಾವುದು ಕೊಳ್ಳಬೇಕು ಎಂದರೆ, ರೆಕ್ಕೆ ಮೇಲುಭಾಗದಲ್ಲಿರುವ, 1.2 ರಿಂದ 1.4 ಮೀಟರ್ ರೆಕ್ಕೆಯಗಲದ ಫೋಮ್ ಟ್ರೈನರ್ ಒಂದನ್ನು ಕೊಳ್ಳಿ. ಹಣವನ್ನು ವಿಮಾನಕ್ಕಿಂತ ರೇಡಿಯೊ ಮತ್ತು ಚಾರ್ಜರಿಗೆ ಹಾಕಿ, ಏಕೆಂದರೆ ಅವೆರಡೂ ಮುಂದೆ ಜೆಟ್ಟಿಗೂ ಬರುತ್ತವೆ. ವಿಮಾನ ಬರುವ ಮುನ್ನವೇ ರೇಡಿಯೊವನ್ನು ಕೇಬಲ್ ಮೂಲಕ ಕಂಪ್ಯೂಟರಿಗೆ ಜೋಡಿಸಿ ಸಿಮ್ಯುಲೇಟರಿನಲ್ಲಿ ಅಭ್ಯಾಸ ಮಾಡಿ. ಪಿಕಾಸಿಮ್ ಉಚಿತವಾಗಿ ಸಿಗುತ್ತದೆ, ರಿಯಲ್‌ಫ್ಲೈಟ್‌ಗೆ ಹಣ ಕೊಡಬೇಕು. ವಿಮಾನ ನಿಮ್ಮ ಕಡೆಗೆ ಮುಖಮಾಡಿ ಬರುವಾಗ ಎಡಬಲ ಅದಲುಬದಲಾಗುತ್ತದಲ್ಲ, ಆ ಗೊಂದಲ ಕಳೆಯುವವರೆಗೆ ಹೊರಗೆ ಹೋಗಬೇಡಿ. ಟ್ರೈನರಿನಲ್ಲಿ ಒಂದು ಸುಗ್ಗಿಯಿಂದ ಇನ್ನೊಂದು ಸುಗ್ಗಿಯವರೆಗೆ ಕಳೆಯಿರಿ, ಆಮೇಲೆ ರೆಕ್ಕೆ ಕೆಳಗಿರುವ ಸ್ಪೋರ್ಟ್ ವಿಮಾನ, ಅದಾದ ಮೇಲೆ 64 ಮಿ.ಮೀ. ಫ್ಯಾನಿನ ಚಿಕ್ಕ ಜೆಟ್. ನಮ್ಮ ವಾಯುಪಡೆಯವರೂ ಹುಡುಗರನ್ನು ಮೊದಲು ಪ್ರೊಪೆಲರಿನ ಪಿಲಾಟಸ್‌ನಲ್ಲಿ ಕೂರಿಸಿ, ಆಮೇಲೆ ಕಿರಣ್ ಮತ್ತು ಹಾಕ್ ಜೆಟ್‌ಗಳ ಹತ್ತಿರ ಬಿಡುತ್ತಾರೆ.

ಕಾಫಿ ಕಣ (ಚಿಕ್ಕಮಗಳೂರು):

ಕಡೂರಿನವರು ಹೇಳಿದ್ದಕ್ಕೆ ಜಾಗದ ಮಾತನ್ನಷ್ಟೇ ಸೇರಿಸುತ್ತೇನೆ, ಏಕೆಂದರೆ ನಮ್ಮ ಮನೆಯಲ್ಲಿ ಎಲ್ಲ ನಷ್ಟವೂ ಆದದ್ದು ಜಾಗದಿಂದ. ನಮ್ಮದು ಮಲ್ಲಂದೂರು ರಸ್ತೆಯ ಕಡೆ ಚಿಕ್ಕ ತೋಟ. ಕಾಫಿ ಒಣಗಿಸುವ ಸಿಮೆಂಟ್ ಕಣ ಇದೆಯಲ್ಲ, ಅದೇ ರನ್‌ವೇ ಎಂದು ನಾನೂ ನನ್ನ ಮಗನೂ ನಂಬಿದ್ದೆವು. ಏರುವುದಕ್ಕೆ ಕಣ ಸಾಕಾಯಿತು, ತಿರುಗುವುದಕ್ಕೆ ಆಕಾಶ ಸಾಲಲಿಲ್ಲ. ಸುತ್ತಲೂ ಸಿಲ್ವರ್ ಮರಗಳು. ಮೂರನೆಯ ಹಾರಾಟದಲ್ಲಿ ವಿಮಾನ ಮೆಣಸಿನ ಬಳ್ಳಿ ಹಬ್ಬಿದ ಮರವೊಂದರ ನೆತ್ತಿಗೆ ಸಿಕ್ಕಿಕೊಂಡಿತು. ಮೆಣಸು ಕೊಯ್ಯಲು ಬರುವವರು ಏಣಿ ಹಾಕಿ ಇಳಿಸಿಕೊಡುವಷ್ಟರಲ್ಲಿ ಎರಡು ರಾತ್ರಿ ಮಳೆಯಲ್ಲಿ ನೆನೆದಿತ್ತು. ಮಲೆನಾಡಿನ ತೋಟದವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಬಯಲುಸೀಮೆಯ ಕಡೆ ಹೋಗಿ. ಭದ್ರಾ ಅಭಯಾರಣ್ಯದ ಕಡೆಗಂತೂ ವಿಮಾನದ ಪೆಟ್ಟಿಗೆಯನ್ನೇ ಒಯ್ಯಬೇಡಿ.

ನಾವೀಗ ಹೋಗುವುದು ಕಡೂರಿನ ಕಡೆಯ ಹೊಲಗಳಿಗೆ, ರಾಗಿ ಕೊಯ್ಲಾದ ಮೇಲೆ, ಹೊಲದವರನ್ನು ಕೇಳಿಕೊಂಡು. ಪ್ರೊಪೆಲರ್ ವಿಮಾನಕ್ಕೆ ಅದು ಒಳ್ಳೆಯ ಜಾಗ; ಜೆಟ್ಟಿಗೆ ಒಂದು ತೊಂದರೆ ಇದೆ. ಅದರ ಗಾಳಿ ಎಳೆಯುವ ಬಾಯಿ ನೆಲಕ್ಕೆ ಒಂದು ಗೇಣು ಎತ್ತರದಲ್ಲಿರುವುದರಿಂದ ಮುಂದಿನ ಚಕ್ರ ಎಬ್ಬಿಸಿದ ಸಣ್ಣ ಕಲ್ಲು, ರಾಗಿ ಕೂಳೆಯ ಚೂರು, ಒಣ ಸೆಗಣಿ ಎಲ್ಲವೂ ಒಳಗೆ ಹೋಗುತ್ತವೆ. ಫ್ಯಾನ್ ನಿಮಿಷಕ್ಕೆ 40 ಸಾವಿರದ ಆಸುಪಾಸು ಸುತ್ತುವಾಗ ಜೋಳದ ಕಾಳಿನಷ್ಟು ಕಲ್ಲು ಸಾಕು ಒಂದು ಅಲಗನ್ನು ಸೀಳಲು. ಅಲಗಿನ ತುದಿ ಸ್ವಲ್ಪ ಹಾರಿದರೂ ಸದ್ದು ಬದಲಾಗುತ್ತದೆ: ನಯವಾದ ಸಿಳ್ಳೆಯಂತಿದ್ದದ್ದು ಒಡಕು ಶಂಖ ಊದಿದಂತೆ ಆಗುತ್ತದೆ. ಹಾಗೆ ಕೇಳಿದ ತಕ್ಷಣ ಇಳಿಸಿಬಿಡಬೇಕು, ಇನ್ನೊಂದು ಸುತ್ತು ಎಂಬ ಆಸೆ ಬೇಡ.

ಇದಕ್ಕೆ ನಾವು ಕಂಡುಕೊಂಡ ಉಪಾಯವೆಂದರೆ ಕಾಫಿ ಒಣಗಿಸುವ ಟಾರ್ಪಾಲುಗಳು. ನಾಲ್ಕನ್ನು ಉದ್ದಕ್ಕೆ ಜೋಡಿಸಿ ಹೊಲಿಸಿ, ಅಂಚಿಗೆ ಗೂಟ ಹೊಡೆದು, ಅದರ ಮೇಲಿಂದಲೇ ಓಡಿಸುತ್ತೇವೆ. ಹಾಸುವ ಮೊದಲು ನೆಲವನ್ನು ತೆಂಗಿನ ಪೊರಕೆಯಿಂದ ಗುಡಿಸುತ್ತೇವೆ. ಇಳಿಯುವಾಗ ಚಕ್ರ ನೆಲ ಮುಟ್ಟುತ್ತಲೇ ಥ್ರಾಟಲ್ ಮುಚ್ಚಿರುವುದರಿಂದ ಕಸ ಎಳೆಯುವ ಭಯ ಅಷ್ಟಿಲ್ಲ. ಟಾರ್ಪಾಲಿನ ನೀಲಿ ಬಣ್ಣ ದೂರಕ್ಕೆ ಕಾಣುತ್ತದೆ, ಇಳಿಸಲು ಗುರುತೂ ಆಯಿತು. ಆದರೆ ವಿಮಾನ ಮೇಲಿರುವಾಗ ದನ ಮೇಯಿಸುವ ಹುಡುಗರು ಅದರ ಹಿಂದೆಯೇ ಓಡಿಬರುತ್ತಾರೆ. ಅವರನ್ನು ಮೊದಲೇ ಕರೆದು, ನಮ್ಮ ಬೆನ್ನಹಿಂದೆ ಕೂರಿಸಿಕೊಂಡು, ಮಂಡಕ್ಕಿ ಕೊಟ್ಟು, ಆಮೇಲೆ ಬ್ಯಾಟರಿ ಸಿಕ್ಕಿಸುವುದು ನಮ್ಮ ಪದ್ಧತಿ.

ಹಳೇ ಫಿಟ್ಟರ್ (ಅರಸೀಕೆರೆ):

ವಿಮಾನ ಕಾರ್ಖಾನೆಯೊಂದರಲ್ಲಿ ಬಹುಕಾಲ ಕೆಲಸ ಮಾಡಿ ನಿವೃತ್ತನಾದವನು ನಾನು. ಹೊಸಬರು ಸಾಮಾನ್ಯವಾಗಿ ಕೇಳದೆ ಬಿಡುವ ಎರಡು ವಿಷಯಗಳನ್ನು ಹೇಳುತ್ತೇನೆ: ಕಾನೂನು ಮತ್ತು ಬ್ಯಾಟರಿ.

2021ರ ಡ್ರೋನ್ ನಿಯಮಗಳು ಮಾದರಿ ವಿಮಾನಗಳಿಗೂ ಅನ್ವಯಿಸುತ್ತವೆ. 25 ಕಿ.ಗ್ರಾಂ. ಒಳಗಿದ್ದು, ಕಲಿಕೆಗೋ ವಿನೋದಕ್ಕೋ ಬಳಸುತ್ತ, ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಹಾರಿಸುವ ವಿಮಾನಕ್ಕೆ ಟೈಪ್ ಸರ್ಟಿಫಿಕೇಟ್ (ಆ ವಿನ್ಯಾಸಕ್ಕೆ ಕೊಡುವ ಅನುಮೋದನೆ ಪತ್ರ) ಬೇಕಿಲ್ಲ. ಒಟ್ಟು ತೂಕ 2 ಕಿ.ಗ್ರಾಂ. ಮೀರದೆ, ಹಣಕ್ಕಾಗಿ ಅಲ್ಲದೆ ಹಾರಿಸುವವರಿಗೆ ಪೈಲಟ್ ಪ್ರಮಾಣಪತ್ರದ ಅಗತ್ಯವೂ ಇಲ್ಲ. 64 ಮಿ.ಮೀ. ಜೆಟ್‌ಗಳು ಒಂದು ಕಿಲೋದ ಆಸುಪಾಸಿನಲ್ಲಿ ಇರುವುದರಿಂದ ಈ ಮಿತಿಯೊಳಗೆ ಆರಾಮವಾಗಿ ಬರುತ್ತವೆ, 80 ಮಿ.ಮೀ. ಫ್ಯಾನಿನವು ಸಾಮಾನ್ಯವಾಗಿ ದಾಟುತ್ತವೆ. ಎಲ್ಲಿ ಹಾರಿಸಬಹುದು ಎಂಬುದಕ್ಕೆ ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ಕೆಂಪು, ಹಳದಿ, ಹಸಿರು ವಲಯಗಳಿದ್ದು, ಹಸಿರಿನಲ್ಲಿ 120 ಮೀಟರ್ ಎತ್ತರದವರೆಗೆ ಅನುಮತಿ ಕೇಳಬೇಕಿಲ್ಲ. ಪ್ರತಿ ಸಲವೂ ಹೊರಡುವ ಮುನ್ನ ಆ ನಕ್ಷೆಯನ್ನು ನೋಡಿ. ಮೇಷ್ಟ್ರು ಇರುವ ರಸ್ತೆಯ ಕಡೆಗೇ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರವಿದೆ. ಅದರ ದೊಡ್ಡ ಆಂಟೆನಾಗಳು ಕಣ್ಣಿಗೆ ಬೀಳುವಷ್ಟು ಹತ್ತಿರದಲ್ಲಿ ಯಾವ ಮೈದಾನ ಎಷ್ಟು ಚೆನ್ನಾಗಿದ್ದರೂ ಆ ಆಲೋಚನೆ ಬಿಡಿ. ವಿಮಾನ ನಿಲ್ದಾಣಕ್ಕೆಂದು ಇಟ್ಟಿರುವ ಬೂವನಹಳ್ಳಿಯ ಕಡೆಯೂ ಅಷ್ಟೇ. ಇನ್ನೊಂದು ಮಾತು: 2022ರ ಫೆಬ್ರವರಿಯಿಂದ ಪೂರ್ತಿ ಜೋಡಿಸಿದ ಅಥವಾ ಕಿಟ್ ರೂಪದ ಡ್ರೋನ್‌ಗಳ ಆಮದಿಗೆ ನಿಷೇಧವಿದೆ, ಬಿಡಿಭಾಗಗಳಿಗೆ ಇಲ್ಲ. ವಿದೇಶದ ಅಂಗಡಿಯಿಂದ ನೇರವಾಗಿ ವಿಮಾನ ತರಿಸಲು ಹೋದರೆ ಪೆಟ್ಟಿಗೆ ಕಸ್ಟಮ್ಸ್‌ನಲ್ಲಿ ನಿಲ್ಲಬಹುದು. ದೇಶದೊಳಗಿನ ಅಂಗಡಿಗಳಲ್ಲಿ ಕೊಳ್ಳುವುದೇ ಲೇಸು.

ಇನ್ನು ಬ್ಯಾಟರಿ. ಈ ವಿಮಾನಗಳಲ್ಲಿ ಬಳಸುವ ಲಿಪೋ (ಲಿಥಿಯಂ ಪಾಲಿಮರ್) ಸೆಲ್ ಒಂದಕ್ಕೆ ಪೂರ್ತಿ ತುಂಬಿದಾಗ 4.2 ವೋಲ್ಟ್, ನಾಲ್ಕು ಸೆಲ್ಲಿನ ಬ್ಯಾಟರಿಗೆ 16.8. ಚಿಕ್ಕ ಜೆಟ್ ಪೂರ್ತಿ ಥ್ರಾಟಲ್‌ನಲ್ಲಿ 50 ಆಂಪಿಯರ್‌ವರೆಗೂ ಎಳೆಯುತ್ತದೆ, ಸರಾಸರಿ 35 ಎಂದಿಟ್ಟುಕೊಳ್ಳಿ. 2200 ಎಂ.ಎ.ಎಚ್. (ಮಿಲಿಆಂಪಿಯರ್-ಗಂಟೆ) ಸಾಮರ್ಥ್ಯದ ಬ್ಯಾಟರಿಯಲ್ಲಿ ಶೇ. 80ರಷ್ಟನ್ನು ಮಾತ್ರ ಬಳಸಿದರೆ ಸಿಗುವುದು ಮೂರೇ ನಿಮಿಷ. ಆದ್ದರಿಂದ ರೇಡಿಯೊದಲ್ಲಿ ಎರಡೂವರೆ ನಿಮಿಷಕ್ಕೆ ಗಂಟೆ ಬಾರಿಸುವಂತೆ ಇಟ್ಟು, ಗಂಟೆ ಹೊಡೆದ ಮೇಲೆ ಉಳಿದದ್ದನ್ನು ಇಳಿಸುವುದಕ್ಕೆ, ಮೊದಲ ಸಲ ತಪ್ಪಿದರೆ ಎರಡನೆಯ ಸಲ ಸುತ್ತಿ ಬರುವುದಕ್ಕೆ ಮೀಸಲಿಡಿ. ಮನೆಗೆ ಬಂದ ಮೇಲೆ ಸೆಲ್ಲಿಗೆ 3.8 ವೋಲ್ಟ್‌ಗೆ ತಂದು ಇಡಬೇಕು. ನಾನು ಒಂದು ಮಳೆಗಾಲ ಪೂರ್ತಿ ಎರಡು ಬ್ಯಾಟರಿಗಳನ್ನು ತುಂಬಿದ ಸ್ಥಿತಿಯಲ್ಲೇ ಬೀರುವಿನಲ್ಲಿ ಮರೆತಿದ್ದೆ. ತೆಗೆದು ನೋಡಿದಾಗ ಪೂರಿಯಂತೆ ಊದಿಕೊಂಡಿದ್ದವು. ಚಾರ್ಜ್ ಮಾಡುವುದು ಹಾಸಿಗೆಯ ಮೇಲಲ್ಲ, ಸಿಮೆಂಟ್ ಜಗಲಿಯ ಮೇಲೆ, ಮರಳು ತುಂಬಿದ ಮಡಕೆಯೊಂದು ಪಕ್ಕದಲ್ಲಿರಲಿ, ಅದು ಮುಗಿಯುವವರೆಗೆ ಮನೆ ಬಿಟ್ಟು ಹೋಗುವುದು ಬೇಡ.

ಫೇಲ್‌ಸೇಫ್ ಪರೀಕ್ಷೆಯನ್ನೂ, ಅಂದರೆ ರೇಡಿಯೊ ಸಂಪರ್ಕ ತಪ್ಪಿದರೆ ಏನಾಗುತ್ತದೆಂದು ನೋಡುವುದನ್ನೂ, ಮರೆಯಬೇಡಿ. ವಿಮಾನವನ್ನು ಒಬ್ಬರು ಗಟ್ಟಿಯಾಗಿ ಹಿಡಿದಿರಲಿ, ಸ್ವಲ್ಪ ಥ್ರಾಟಲ್ ಕೊಟ್ಟು ರೇಡಿಯೊ ಆರಿಸಿ. ಫ್ಯಾನ್ ತಾನಾಗಿ ನಿಲ್ಲಬೇಕು. ನಿಲ್ಲದಿದ್ದರೆ ಆ ದಿನ ಹಾರಾಟವಿಲ್ಲ.

ಸಾಲಗಾಮೆ ರಸ್ತೆ (ಹಾಸನ):

ಮೂವರಿಗೂ ಕೃತಜ್ಞತೆಗಳು. ಸಾಂದ್ರತೆಯ ಲೆಕ್ಕವನ್ನು ನಾಳೆಯೇ ದ್ವಿತೀಯ ಪಿಯುಸಿ ತರಗತಿಯಲ್ಲಿ ಕೊಡುತ್ತೇನೆ. ವರ್ಗಮೂಲ ಎಲ್ಲಿಂದ ಬಂತೆಂದು ಅವರೇ ಹೇಳಲಿ. ಟ್ರೈನರ್ ಕೊಳ್ಳುವುದೆಂದು ಮನಸ್ಸು ಮಾಡಿದ್ದೇನೆ. ಆದರೂ ಎರಡು ಸಂದೇಹಗಳು ಉಳಿದಿವೆ. ತೇಜಸ್ ಆಕಾರವನ್ನು ಮುಂದೆಯೂ ಮರೆತುಬಿಡಬೇಕೇ? ಟರ್ಬೈನ್ ಬಗ್ಗೆ ಯಾರೂ ಏನೂ ಹೇಳಲಿಲ್ಲವಲ್ಲ?

ಕಡೂರು ಬಯಲು (ಕಡೂರು):

ಮರೆಯಬೇಕಿಲ್ಲ, ಮೂರನೆಯದೋ ನಾಲ್ಕನೆಯದೋ ಆಗಿ ಕಟ್ಟಿ. ತೇಜಸ್‌ನಂಥ, ಬಾಲದ ಅಡ್ಡರೆಕ್ಕೆಯಿಲ್ಲದ ಡೆಲ್ಟಾದಲ್ಲಿ (ತ್ರಿಕೋನ ರೆಕ್ಕೆಯ ವಿಮಾನದಲ್ಲಿ) ವಿಮಾನವನ್ನು ಪಕ್ಕಕ್ಕೆ ಹೊರಳಿಸುವ ಏಲೆರಾನ್ ಮತ್ತು ಎಲಿವೇಟರ್ ಎರಡರ ಕೆಲಸವನ್ನೂ ರೆಕ್ಕೆಯ ಹಿಂಭಾಗದ ಅದೇ ಪಟ್ಟಿಗಳು ಮಾಡುತ್ತವೆ. ಮೂಗೆತ್ತಿ ನಿಧಾನವಾಗಿ ಬರುವಾಗ ಅದು ಥಟ್ಟನೆ ಸ್ಟಾಲ್ ಆಗಿ ಬೀಳುವುದಿಲ್ಲ, ಆದರೆ ಗಾಳಿಯ ಎಳೆತ ವಿಪರೀತ ಹೆಚ್ಚಿ ಲಿಫ್ಟಿನಲ್ಲಿ ಇಳಿದಂತೆ ನೇರ ಕೆಳಗೆ ಇಳಿಯುತ್ತದೆ, ಆಗ ಉಳಿಸುವುದು ಥ್ರಾಟಲ್ ಒಂದೇ. ಗುರುತ್ವ ಕೇಂದ್ರ ಒಂದು ಬೆರಳಗಲ ಹಿಂದೆ ಸರಿದರೂ ಅದನ್ನು ಹಿಡಿಯಲಾಗದು. ಬೂದುಬಣ್ಣದ ಡೆಲ್ಟಾ ಮೋಡದ ಕೆಳಗೆ 150 ಮೀಟರ್ ದೂರ ಹೋದರೆ ಹೋಗುತ್ತಿದೆಯೋ ಬರುತ್ತಿದೆಯೋ ತಿಳಿಯದು. ಕಟ್ಟುವಾಗ ಕೆಳಮೈಗೆ ಕಪ್ಪು ಬಿಳಿ ಅಗಲ ಪಟ್ಟೆ ಬಳಿಯಿರಿ, ವಾಯುಪಡೆಯ ಬಣ್ಣ ಮೇಲ್ಮೈಗೆ ಮಾತ್ರ ಇರಲಿ.

ಟರ್ಬೈನ್ ನನ್ನ ಬಳಿ ಇಲ್ಲ, ಬೆಂಗಳೂರಿನಲ್ಲಿ ಹತ್ತಿರದಿಂದ ನೋಡಿದ್ದೇನೆ. 1980ರ ದಶಕದ ಕೊನೆಯಲ್ಲಿ ಜರ್ಮನಿಯ ಕುರ್ಟ್ ಶ್ರೆಕ್ಲಿಂಗ್ ಎಂಬವರು ಮನೆಯ ಕಾರ್ಯಾಗಾರದಲ್ಲೇ ಮಾದರಿ ಟರ್ಬೈನ್ ಮಾಡಿ ತೋರಿಸಿದರು. ಅದರಲ್ಲಿ ಗಾಳಿಯನ್ನು ಒತ್ತಿ ತುಂಬುವ ಕಂಪ್ರೆಸರ್ ಚಕ್ರ ಪ್ಲೈವುಡ್ಡಿನದು ಎಂದರೆ ನಿಮ್ಮ ವಿದ್ಯಾರ್ಥಿಗಳು ನಂಬಲಾರರು. ಈಗಿನವು ಸುಮ್ಮನೆ ನಿಂತಿರುವಾಗಲೇ ನಿಮಿಷಕ್ಕೆ 30 ಸಾವಿರಕ್ಕೂ ಹೆಚ್ಚು, ಪೂರ್ಣ ಬಲದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತವೆ, ಹಿಂದಿನಿಂದ ಬರುವ ಗಾಳಿ ನೂರಾರು ಡಿಗ್ರಿ ಬಿಸಿ. ಆ ಕನಿಷ್ಠ ಸುತ್ತಿನಿಂದ ಪೂರ್ಣ ಬಲಕ್ಕೆ ಏರಲು ಮೂರು ನಾಲ್ಕು ಸೆಕೆಂಡು ಬೇಕು. ವಿದ್ಯುತ್ ಫ್ಯಾನಿನ ಒಂದು ಸೆಕೆಂಡಿಗೇ ನನ್ನ ಗತಿ ಏನಾಯಿತೆಂದು ಮೇಲೆ ಬರೆದಿದ್ದೇನೆ. ಬೆಲೆ ಲಕ್ಷಗಳ ಲೆಕ್ಕದಲ್ಲಿದೆ. ಇಂಧನ ಸೀಮೆಎಣ್ಣೆಯೇ, ಶೇ. 5ರಷ್ಟು ಟರ್ಬೈನ್ ಎಣ್ಣೆ ಬೆರೆಸಿದ್ದು. ಆದರೆ ಪಡಿತರದ ನೀಲಿ ಸೀಮೆಎಣ್ಣೆಯನ್ನು ಅಡುಗೆ ಮತ್ತು ದೀಪ ಬಿಟ್ಟು ಬೇರೆಯದಕ್ಕೆ ಬಳಸುವುದು ಕಾನೂನಿಗೆ ವಿರುದ್ಧ ಎಂಬುದು ನೆನಪಿರಲಿ. ಎಲ್ಲಕ್ಕಿಂತ ನನ್ನನ್ನು ತಡೆದಿರುವುದು ನೆಲ. ಮಾರ್ಚ್ ತಿಂಗಳಲ್ಲಿ ನಮ್ಮ ಕೆರೆಯಂಗಳಗಳಲ್ಲಿ ನಿಂತಿರುವ ಒಣಹುಲ್ಲಿನ ಮೇಲೆ ಅಂಥದ್ದೊಂದು ಬಿದ್ದರೆ ಬೆಂಕಿ ಆರಿಸುವ ಒಂದು ಸಿಲಿಂಡರ್ ಏನೂ ಸಾಲದು. ಡಾಂಬರು ಅಥವಾ ಕಾಂಕ್ರೀಟ್ ಪಟ್ಟಿ ಸಿಗುವವರೆಗೆ ನಾನು ಟರ್ಬೈನ್ ಕೊಳ್ಳುವುದಿಲ್ಲ.

ರೇಡಿಯೊ ಕೊಳ್ಳುವ ಮೊದಲು ಒಂದು ಭಾನುವಾರ ಕಡೂರಿಗೆ ಬನ್ನಿ. ನನ್ನ ಟ್ರೈನರಿಗೆ ಎರಡು ರೇಡಿಯೊಗಳನ್ನು ಜೋಡಿಸಿಡುತ್ತೇನೆ. ವಿಮಾನ ನಿಮ್ಮ ಕೈಯಲ್ಲಿರುತ್ತದೆ, ನೀವು ತಪ್ಪಿದರೆ ನಾನು ಒಂದು ಗುಂಡಿ ಬಿಟ್ಟ ಕೂಡಲೇ ನನ್ನ ಕೈಗೆ ಬರುತ್ತದೆ. ಬೆಳಿಗ್ಗೆ ಏಳರೊಳಗೆ ಬಂದರೆ ಗಾಳಿ ಏಳುವ ಮುನ್ನ ನಾಲ್ಕು ಬ್ಯಾಟರಿಯಷ್ಟು ಹಾರಿಸಬಹುದು. ಅಂಚಿರುವ ಟೋಪಿಯೊಂದನ್ನು ತನ್ನಿ, ಸೂರ್ಯ ಆ ಹೊತ್ತಿಗೆ ನೇರ ಕಣ್ಣಿಗೇ ಹೊಡೆಯುತ್ತಾನೆ.

ಸಾಲಗಾಮೆ ರಸ್ತೆ (ಹಾಸನ):

ಖಂಡಿತ ಬರುತ್ತೇನೆ ಸರ್. ಟೋಪಿಯ ಜೊತೆಗೆ ಹುಡುಗರಿಗೆ ಮಂಡಕ್ಕಿಯನ್ನೂ ತರುತ್ತೇನೆ.